ಸಸ್ಯ ಆಲ್ಕಲಾಯ್ಡ್‌ಗಳು ಮತ್ತು ಕ್ಯಾನ್ಸರ್ ಚಿಕಿತ್ಸೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಗಿಡಮರಗಳು

ಸಸ್ಯಗಳು ತಮ್ಮ ಒಡಲಲ್ಲಿ ತಯಾರಿಸಿಕೊಳ್ಳುವ, ಸಾರಜನಕವುಳ್ಳ, ಬಹುಮಟ್ಟಿಗೆ ಕ್ಷಾರಗುಣದ ಸಾವಯವ ಸಂಯುಕ್ತಗಳಿಗೆ ಆಲ್ಕಲಾಯ್ಡ್‌ಗಳೆಂದು ಹೆಸರು. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್, ಸಿಂಕೋನಾ ತೊಗಟೆಯ ಕ್ವಿನೈನ್, ಅಡಿಕೆಯ ಅರೆಕೊಲಿನ್, ಕಾಳುಮೆಣಸಿನ ಪೈಪೆರಿನ್ ಎಲ್ಲವೂ ಈ ಬಳಗಕ್ಕೆ ಸೇರಿದವು. ಹೆಚ್ಚಿನವು ಕಹಿ ಅಥವಾ ಖಾರ. ಓಡಿಹೋಗಲಾಗದ ಗಿಡ ತನ್ನನ್ನು ಮೇಯುವ ದನಕ್ಕೆ, ಕೊರೆಯುವ ಹುಳಕ್ಕೆ ಒಡ್ಡುವ ರಕ್ಷಣೆ ಇದು. ಪ್ರಾಣಿಯ ನರ, ಸ್ನಾಯು ಇಲ್ಲವೇ ಕೋಶ ವಿಭಜನೆಯ ಯಾವುದೋ ಒಂದು ಕೀಲನ್ನು ಹಿಡಿದು ನಿಲ್ಲಿಸುವಂತೆ ಈ ಅಣುಗಳು ರೂಪುಗೊಂಡಿವೆ. ಅವುಗಳಿಂದ ಔಷಧ ಹುಟ್ಟುವುದೂ ವಿಷ ಹುಟ್ಟುವುದೂ ಈ ಒಂದೇ ಕಾರಣಕ್ಕೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಅಘನಾಶಿನಿ ಮತ್ತು ಬೇಡ್ತಿ ನದಿಗಳು ಹರಿಯುವ ನಿತ್ಯಹರಿದ್ವರ್ಣ, ಅರೆ ನಿತ್ಯಹರಿದ್ವರ್ಣ ಕಾಡುಗಳ ಸೀಮೆ. ಕಣಿವೆಗಳಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು. ಕ್ಯಾನ್ಸರ್ ಔಷಧಗಳಿಗೆ ಮೂಲವಾದ ಆಲ್ಕಲಾಯ್ಡ್ ಇರುವ ಮರ ಪಶ್ಚಿಮ ಘಟ್ಟದ ಇಂಥ ಕಾಡಿನಲ್ಲಿದೆ. ಕ್ಯಾನ್ಸರ್ ತರುವುದೆಂದು ಖಚಿತಪಟ್ಟ ಕಾಯಿ ತೋಟದಲ್ಲಿದೆ. ಆಲ್ಕಲಾಯ್ಡ್‌ಗಳು ಕ್ಯಾನ್ಸರನ್ನು ವಾಸಿಮಾಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗಲಾರದು.

ಆರಿಸಿ ಕೊಲ್ಲುವ ಗುಣ

ಕ್ಯಾನ್ಸರ್ ಕೋಶವೆಂದರೆ ಹೊರಗಿನಿಂದ ಬಂದ ರೋಗಾಣುವಲ್ಲ, ಲಗಾಮು ಕಳಚಿಕೊಂಡ ನಮ್ಮದೇ ಕೋಶ. ಆದ್ದರಿಂದ ಅದನ್ನು ಕೊಲ್ಲುವ ವಸ್ತು ಪಕ್ಕದ ಆರೋಗ್ಯವಂತ ಕೋಶವನ್ನೂ ಕೊಲ್ಲಬಹುದು. ಔಷಧವೊಂದು ರೋಗದ ಕೋಶವನ್ನು ಮಾತ್ರ, ಅಥವಾ ಅದನ್ನೇ ಹೆಚ್ಚಾಗಿ, ಗುರಿಯಾಗಿಸುವ ಗುಣಕ್ಕೆ ವಿಜ್ಞಾನಿಗಳು ಆಯ್ದುಗುಣ ಅಥವಾ ವರಣಶೀಲತೆ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ವಿಧಾನ ಸರಳ. ಅರ್ಧದಷ್ಟು ಆರೋಗ್ಯವಂತ ಕೋಶಗಳ ಬೆಳವಣಿಗೆಯನ್ನು ತಡೆಯಲು ಎಷ್ಟು ಪ್ರಮಾಣ ಬೇಕು, ಅರ್ಧದಷ್ಟು ಕ್ಯಾನ್ಸರ್ ಕೋಶಗಳನ್ನು ತಡೆಯಲು ಎಷ್ಟು ಸಾಕು ಎಂದು ನೋಡಿ, ಮೊದಲಿನದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಭಾಗಲಬ್ಧ ದೊಡ್ಡದಾದಷ್ಟೂ ಆಸೆ ದೊಡ್ಡದು. ಭಾಗಲಬ್ಧ 1ರ ಹತ್ತಿರವಿದ್ದರೆ ಆ ವಸ್ತು ಬರೀ ವಿಷ.

ಗಾಜಿನ ತಟ್ಟೆಯಲ್ಲಿ ಸಿಕ್ಕ ಈ ಲೆಕ್ಕ ಮನುಷ್ಯನ ದೇಹದಲ್ಲೂ ನಿಲ್ಲುತ್ತದೆಂದು ಹೇಳಲಾಗದು. ಹೊಟ್ಟೆಯ ಆಮ್ಲ, ಯಕೃತ್ತಿನ ಕಿಣ್ವ, ರಕ್ತದ ಪ್ರೋಟೀನು, ಮೂತ್ರಪಿಂಡ ಇವಿಷ್ಟನ್ನೂ ದಾಟಿ ಸಾಕಷ್ಟು ಪ್ರಮಾಣದಲ್ಲಿ ಗಂತಿಯನ್ನು ಮುಟ್ಟಿದರೆ ಮಾತ್ರ ಅದು ಔಷಧ. ಕೋಶಗಳನ್ನು ಕೊಂದ ಸಾವಿರಾರು ಸಸ್ಯಸಾರಗಳಲ್ಲಿ ಆಸ್ಪತ್ರೆಯವರೆಗೆ ಬಂದವು ಬೆರಳೆಣಿಕೆಯಷ್ಟು.

ಗೌರಿ ಹೂ ಮತ್ತು ನಿತ್ಯಪುಷ್ಪ

ಮಳೆಗಾಲ ತಗ್ಗುವ ಹೊತ್ತಿಗೆ ಈ ಸೀಮೆಯ ಬೇಲಿಗಳಲ್ಲಿ, ಬೆಟ್ಟದ ಅಂಚಿನಲ್ಲಿ ಎಲೆಯ ತುದಿಯನ್ನೇ ಕುಡಿಬಳ್ಳಿಯಾಗಿಸಿಕೊಂಡು ಹಬ್ಬುವ ಬಳ್ಳಿಯೊಂದು ಬುಡದಲ್ಲಿ ಹಳದಿ, ತುದಿಯಲ್ಲಿ ಬೆಂಕಿಗೆಂಪಿನ ಹೂ ಬಿಡುತ್ತದೆ. ಚೌತಿ ಹಬ್ಬಕ್ಕೆ ಗಣಪತಿಯ ಮೇಲೆ ಫಲಾವಳಿ ಕಟ್ಟುವ ಮನೆಗಳಲ್ಲಿ ಇದು ಗೌರಿ ಹೂ. ಸಂಸ್ಕೃತದಲ್ಲಿ ಅಗ್ನಿಶಿಖೆ, ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ. ಇದರ ಗೆಡ್ಡೆ ಮತ್ತು ಬೀಜದಲ್ಲಿ ಕಾಲ್ಚಿಸಿನ್ ಎಂಬ ಆಲ್ಕಲಾಯ್ಡ್ ಇದೆ. ಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮನಾಳಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಆಗಿವೆ. ಕಾಲ್ಚಿಸಿನ್ ಈ ಪ್ರೋಟೀನಿಗೆ ಅಂಟಿಕೊಂಡು ನಾಳ ಕಟ್ಟಲು ಬಿಡದೆ ವಿಭಜನೆಯನ್ನು ನಿಲ್ಲಿಸುತ್ತದೆ. ಹಾಗಿದ್ದೂ ಅದು ಕ್ಯಾನ್ಸರ್ ಔಷಧವಾಗಲಿಲ್ಲ. ಗಂತಿಯನ್ನು ಕುಗ್ಗಿಸುವ ಪ್ರಮಾಣಕ್ಕೂ ಮನುಷ್ಯನನ್ನು ಕೊಲ್ಲುವ ಪ್ರಮಾಣಕ್ಕೂ ನಡುವೆ ಅಂತರವೇ ಇರಲಿಲ್ಲ. ಗೌಟ್ ಎಂಬ ಸಂಧಿನೋವಿಗೆ ಬಹಳ ಚಿಕ್ಕ ಪ್ರಮಾಣದಲ್ಲಿ ಮಾತ್ರ ಅದು ಬಳಕೆಯಲ್ಲಿದೆ. ಗೌರಿ ಹೂವಿನ ಗೆಡ್ಡೆ ತಿಂದವರು ಸತ್ತ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ಹಲವು ಇವೆ.

ಮನೆಯಂಗಳದ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆಯ ಕತೆ ಬೇರೆ. ಮಡಗಾಸ್ಕರ್ ಮೂಲದ ಈ ಗಿಡದಿಂದ 1958ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದು, ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯ ಆಧಾರಸ್ತಂಭಗಳಲ್ಲಿ ಒಂದಾಗಿದೆ. ಇವೂ ಹಿಡಿಯುವುದು ಅದೇ ಟ್ಯೂಬ್ಯುಲಿನ್ನನ್ನೇ, ಆದರೆ ಬೇರೆ ಜಾಗದಲ್ಲಿ, ಬೇರೆ ಬಗೆಯಲ್ಲಿ. ವಿನ್‌ಕ್ರಿಸ್ಟಿನ್ ನರಗಳಿಗೆ ತಾಗಿ ಕೈಕಾಲು ಜೋಮು ಹಿಡಿಸುತ್ತದೆ. ವಿನ್‌ಬ್ಲಾಸ್ಟಿನ್ ಮಜ್ಜೆಯನ್ನು ಕುಗ್ಗಿಸುತ್ತದೆ. ಆದರೂ ಎಚ್ಚರದಿಂದ ಅಳೆದು ಕೊಡಬಹುದಾದಷ್ಟು ಅಂತರ ಅಲ್ಲಿ ಸಿಕ್ಕಿತು. ಒಂದು ಗ್ರಾಮ್ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು ಅರ್ಧ ಟನ್ ಒಣ ಎಲೆ ಬೇಕಾಗುತ್ತದೆ. ಎಲೆ ಜಗಿದು ಕ್ಯಾನ್ಸರ್ ಗುಣಪಡಿಸಿಕೊಳ್ಳುವ ಮಾತು ಈ ಒಂದು ಲೆಕ್ಕದ ಮುಂದೆಯೇ ಬಿದ್ದುಹೋಗುತ್ತದೆ.

ದುರ್ವಾಸನೆ ಮರ ಮತ್ತು ಕ್ಯಾಂಪ್ಟೊಥೆಸಿನ್

ಪಶ್ಚಿಮ ಘಟ್ಟದ ಕಾಡಿನ ಕೆಳಹಂತದಲ್ಲಿ ದೊಡ್ಡ ಮರಗಳ ನೆರಳಲ್ಲಿ ಮೂರರಿಂದ ಎಂಟು ಮೀಟರ್ ಎತ್ತರಕ್ಕೆ ಬೆಳೆಯುವ ಸಣ್ಣ ಮರ ದುರ್ವಾಸನೆ ಮರ. ಮಳೆಗಾಲದಲ್ಲಿ ಬಿಡುವ ನಸುಹಳದಿ ಹೂಗೊಂಚಲಿನ ಕೆಟ್ಟ ನಾತವೇ ಅದಕ್ಕೆ ಈ ಹೆಸರು ತಂದಿದೆ. ಮರಾಠಿಯ ನರಕ್ಯಾ ಇದೇ. ಸಸ್ಯಶಾಸ್ತ್ರದಲ್ಲಿ ಹಿಂದೆ ಮಾಪ್ಪಿಯಾ ಫೀಟಿಡಾ ಎನ್ನುತ್ತಿದ್ದರು, ಈಗ ನೊತಾಪೊಡೈಟಿಸ್ ನಿಮ್ಮೋನಿಯಾನಾ ಎನ್ನುತ್ತಾರೆ. ಹಣ್ಣಾದಾಗ ಕಾಯಿ ಕಪ್ಪುನೇರಳೆ ಬಣ್ಣಕ್ಕೆ ತಿರುಗುತ್ತದೆ. ನೆಟ್ಟಗೆ ನೋಡಿದರೆ ನಾಟಾಕ್ಕೂ ಬಾರದ, ಸೌದೆಗೂ ಯಾರೂ ಆಸೆಪಡದ ಮರ.

ಇದರೊಳಗಿನ ಕ್ಯಾಂಪ್ಟೊಥೆಸಿನ್ ಮೊದಲು ಕಂಡದ್ದು ಚೀನಾದ ಬೇರೊಂದು ಮರದಲ್ಲಿ. 1966ರಲ್ಲಿ ಅಮೆರಿಕದ ಉತ್ತರ ಕರೋಲಿನಾದಲ್ಲಿ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿ ಬೆಳೆದ ಮನ್ಸುಖ್ ವಾನಿ ಕ್ಯಾಂಪ್ಟೊಥೀಕಾ ಅಕ್ಯುಮಿನಾಟಾ ಮರದಿಂದ ಅದನ್ನು ಬೇರ್ಪಡಿಸಿ ರಚನೆಯನ್ನು ಬಿಡಿಸಿದರು. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ಅಣು ನಮ್ಮ ದುರ್ವಾಸನೆ ಮರದಲ್ಲಿದೆಯೆಂದು, ಅದೂ ಚೀನಾದ ಮರಕ್ಕಿಂತ ಹೆಚ್ಚು ಪ್ರಮಾಣದಲ್ಲಿದೆಯೆಂದು ತೋರಿಸಿದರು.

ಅಣು ಕೆಲಸ ಮಾಡುವ ಬಗೆಯನ್ನು ಹಗ್ಗದ ಉದಾಹರಣೆಯಿಂದ ತಿಳಿಯಬಹುದು. ಎರಡೆಳೆ ಹೊಸೆದ ಹಗ್ಗದ ಒಂದು ತುದಿಯನ್ನು ಬಿಡಿಸುತ್ತ ಹೋದರೆ ಮುಂದಿನ ಭಾಗದಲ್ಲಿ ಮುರಿ ಬಿಗಿದು ಗಂಟಾಗುತ್ತದೆ. ಡಿಎನ್‌ಎ ಪ್ರತಿಯಾಗುವಾಗಲೂ ಹೀಗೆಯೇ ಆಗುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕ್ಷಣಕಾಲ ಕತ್ತರಿಸಿ, ಮುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಆ ಸಂದಿಯಲ್ಲೇ ಹೋಗಿ ಕೂತು ಬೆಸುಗೆಯನ್ನು ತಡೆಯುತ್ತದೆ. ಪ್ರತಿ ಮಾಡುತ್ತ ಬರುವ ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಎರಡೂ ಎಳೆ ತುಂಡಾಗಿ ಕೋಶ ಸಾಯುತ್ತದೆ. ಇದು ಬೆಳಕಿಗೆ ಬಂದದ್ದು 1985ರಲ್ಲಿ. ಡಿಎನ್‌ಎ ಪ್ರತಿ ಮಾಡುತ್ತಿರುವ ಕೋಶಕ್ಕೆ ಹೆಚ್ಚು ಪೆಟ್ಟು, ಸುಮ್ಮನಿರುವ ಕೋಶಕ್ಕೆ ಕಡಿಮೆ ಎಂಬುದು ಇದರ ಆಯ್ದುಗುಣದ ಮೊದಲ ಮೆಟ್ಟಿಲು. ಆದರೆ ಮಜ್ಜೆಯ ಕೋಶಗಳೂ ಕರುಳಿನ ಒಳಪದರವೂ ಬಿಡುವಿಲ್ಲದೆ ವಿಭಜನೆಯಾಗುತ್ತಿರುತ್ತವೆ. ಹಾಗಾಗಿ ಪೆಟ್ಟು ಅಲ್ಲಿಗೂ ಬೀಳುತ್ತದೆ.

ಈ ಅಣುವನ್ನು ತನ್ನೊಳಗೇ ತುಂಬಿಕೊಂಡ ಮರ ಸಾಯುವುದಿಲ್ಲ ಏಕೆ? 2008ರಲ್ಲಿ ಸಿಕ್ಕ ಉತ್ತರ ಹೀಗಿದೆ: ಚೀನಾದ ಮರ ಮತ್ತು ಕ್ಯಾಂಪ್ಟೊಥೆಸಿನ್ ತಯಾರಿಸುವ ಓಫಿಯೊರೈಜಾ ಗಿಡಗಳ ಟೊಪೊಐಸೊಮರೇಸ್ ಕಿಣ್ವದಲ್ಲಿ ಅಮೈನೊ ಆಮ್ಲಗಳ ಸಣ್ಣ ಬದಲಾವಣೆ ಆಗಿದೆ, ಅಣುವಿಗೆ ಅಲ್ಲಿ ಕೂರಲು ಜಾಗವಿಲ್ಲ. ಗಿಡ ವಿಷ ಕಲಿತದ್ದರ ಜೊತೆಗೆ ಅದರಿಂದ ತಪ್ಪಿಸಿಕೊಳ್ಳುವುದನ್ನೂ ಕಲಿತಿದೆ. ನಿಜವಾದ ಆಯ್ದುಗುಣ ಗಿಡದಲ್ಲಿ ಇರುವುದು ಹೀಗೆ, ತನ್ನನ್ನು ತಾನು ಕಾಯುವಷ್ಟು ಮಾತ್ರ. ಮನುಷ್ಯನಿಗಾಗಿ ಅದನ್ನು ಮನುಷ್ಯನೇ ಕಟ್ಟಬೇಕಾಯಿತು.

ಆ ಕೆಲಸಕ್ಕೆ ಐದು ದಶಕ ಹಿಡಿಯಿತು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗದು. 1970ರ ದಶಕದ ಆರಂಭದಲ್ಲಿ ಕರಗುವ ಸೋಡಿಯಂ ಲವಣದ ರೂಪದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಲವಣದಲ್ಲಿ ಅಣುವಿನ ಮುಖ್ಯ ಉಂಗುರವೇ ತೆರೆದುಕೊಂಡು ಅದರ ಬಲ ಕುಂದಿತ್ತು. ಮೂತ್ರದ ಆಮ್ಲದಲ್ಲಿ ಉಂಗುರ ಮತ್ತೆ ಮುಚ್ಚಿಕೊಂಡು ಮೂತ್ರಕೋಶವನ್ನು ಸುಟ್ಟು ರಕ್ತ ಹರಿಸಿತು. ಪ್ರಯೋಗ ನಿಂತಿತು. ಕಿಣ್ವದ ಗುಟ್ಟು ತಿಳಿದ ಮೇಲೆ ರಸಾಯನಶಾಸ್ತ್ರಜ್ಞರು ಅಣುವನ್ನು ತಿದ್ದಿ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ರೂಪಿಸಿದರು. ಇವೆರಡಕ್ಕೂ ಅಮೆರಿಕದಲ್ಲಿ 1996ರಲ್ಲಿ ಮಾನ್ಯತೆ ದೊರೆಯಿತು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಇರಿನೊಟೆಕಾನ್ ದೇಹದೊಳಗೆ ಹೋದ ಮೇಲೆ ಎಸ್‌ಎನ್-38 ಎಂಬ ಹಲವು ಪಟ್ಟು ತೀಕ್ಷ್ಣ ರೂಪಕ್ಕೆ ತಿರುಗುತ್ತದೆ. ಯಕೃತ್ತು ಅದನ್ನು ಸಕ್ಕರೆಯ ತುಣುಕಿಗೆ ಕಟ್ಟಿ ಹೊರಹಾಕುತ್ತದೆ. ಕರುಳಿನ ಬ್ಯಾಕ್ಟೀರಿಯಾ ಆ ಕಟ್ಟನ್ನು ಬಿಚ್ಚಿಬಿಟ್ಟರೆ ತೀವ್ರ ಭೇದಿ ಶುರುವಾಗುತ್ತದೆ. ಕಟ್ಟುವ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರಿಗೆ ವೈದ್ಯರು ಪ್ರಮಾಣ ಇಳಿಸುತ್ತಾರೆ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಕ್ಯಾನ್ಸರ್ ಕೋಶದ ಮೈಮೇಲಿನ ಗುರುತನ್ನು ಹಿಡಿಯುವ ಪ್ರತಿಕಾಯಕ್ಕೆ ಕ್ಯಾಂಪ್ಟೊಥೆಸಿನ್ ವಂಶದ ಅಣುವನ್ನು ಕಟ್ಟಿ ಕಳಿಸುವ ಔಷಧಗಳು ಬಂದವು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ 2019ರಲ್ಲಿ, ಎಸ್‌ಎನ್-38 ಹೊತ್ತ ಸಾಸಿಟುಜುಮ್ಯಾಬ್ ಗೋವಿಟೆಕಾನ್ 2020ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಮಾನ್ಯವಾದವು. ಇಲ್ಲಿ ಪ್ರತಿಕಾಯ ಅಂಚೆಯವನಂತೆ ಮನೆ ಹುಡುಕಿಕೊಂಡು ಹೋಗುತ್ತದೆ, ಆಲ್ಕಲಾಯ್ಡ್ ಒಳಗೆ ಹೋಗಿ ಕೆಲಸ ಮುಗಿಸುತ್ತದೆ. ಅಡ್ಡ ಪರಿಣಾಮ ಇಲ್ಲವೆಂದಲ್ಲ, ಶ್ವಾಸಕೋಶದ ಉರಿಯೂತದಂಥ ಅಪಾಯಗಳಿವೆ. ಆದರೂ ಸಸ್ಯ ಆಲ್ಕಲಾಯ್ಡೊಂದು ಆಯ್ದು ಹೊಡೆಯುವ ಔಷಧವಾದದ್ದಕ್ಕೆ ಸದ್ಯ ಇದಕ್ಕಿಂತ ಸ್ಪಷ್ಟ ಉದಾಹರಣೆ ಕಡಿಮೆ.

ಅಡಿಕೆ: ಅರೆಕೊಲಿನ್ನಿನ ಎರಡು ಮುಖ

ಈ ಮೂರು ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಗೆ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಕೊನೆಕೊಯ್ಲಿನ ದಿನಗಳಲ್ಲಿ ಅಂಗಳದ ತುಂಬ ಹಸಿ ಅಡಿಕೆ, ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ಸಾಲು, ಒಲೆಯ ಮೇಲೆ ಕೆಂಪಗೆ ಕುದಿಯುವ ಹಂಡೆ. ಎಳೆ ಅಡಿಕೆಯನ್ನು ಬೇಯಿಸಿ ಒಣಗಿಸಿದರೆ ರಾಶಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದರೆ ಚಾಲಿ. ಬೇಯಿಸಿದ ನೀರಿನಲ್ಲಿ ಉಳಿಯುವ ಚೊಗರಿನಲ್ಲಿ ಟ್ಯಾನಿನ್ ಜೊತೆಗೆ ಆಲ್ಕಲಾಯ್ಡಿನ ಒಂದು ಪಾಲೂ ಇಳಿದಿರುತ್ತದೆ. ಉಳಿದದ್ದು ಅಡಿಕೆಯಲ್ಲೇ ಇರುತ್ತದೆ.

ಅಡಿಕೆಯಲ್ಲಿ ಮುಖ್ಯವಾಗಿ ನಾಲ್ಕು ಆಲ್ಕಲಾಯ್ಡ್‌ಗಳಿವೆ: ಅರೆಕೊಲಿನ್, ಅರೆಕೈಡಿನ್, ಗುವಾಕೊಲಿನ್, ಗುವಾಸಿನ್. ಹೆಚ್ಚು ಪ್ರಭಾವಶಾಲಿಯಾದದ್ದು ಅರೆಕೊಲಿನ್. ಒಣ ಅಡಿಕೆಯ ತೂಕದಲ್ಲಿ ಅದು ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಕವಳ, ಅಂದರೆ ಎಲೆ-ಅಡಿಕೆ, ಹಾಕಿದಾಗ ಮೈ ಬೆಚ್ಚಗಾಗುವುದು, ಬಾಯಲ್ಲಿ ನೀರೂರುವುದು ಇದರಿಂದಲೇ. ಸುಣ್ಣ ಸೇರಿದರೆ ಅರೆಕೊಲಿನ್ ಅರೆಕೈಡಿನ್ ಆಗಿ ಮಾರ್ಪಡುತ್ತದೆ.

2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜಿಂಗ್ ಚೆನ್ ಅವರ ತಂಡ ಅರೆಕೊಲಿನ್ ಹೈಡ್ರೊಬ್ರೊಮೈಡ್ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿತು. ಕ್ಯಾನ್ಸರ್ ಕೋಶದ ಮೈಟೊಕಾಂಡ್ರಿಯಾದಲ್ಲಿ ಎಸಿಎಟಿ-1 ಎಂಬ ಕಿಣ್ವ ನಾಲ್ಕು ನಾಲ್ಕಾಗಿ ಜೋಡಿಸಿಕೊಂಡು, ಸಕ್ಕರೆಯನ್ನು ಪೂರ್ತಿ ಉರಿಸುವ ಸಹಜ ದಾರಿಯನ್ನು ಮುಚ್ಚಿಡುತ್ತದೆ. ಇದು ಗಂತಿಯ ಬೆಳವಣಿಗೆಗೆ ಅನುಕೂಲ. ಅರೆಕೊಲಿನ್ ಆ ಜೋಡಣೆಯನ್ನು ಒಡೆದು, ಇಲಿಗಳಲ್ಲಿ ಕಸಿಮಾಡಿದ ಮಾನವ ಗಂತಿಯ ಬೆಳವಣಿಗೆಯನ್ನು ತಗ್ಗಿಸಿತು. ಈ ಸುದ್ದಿ ನಮ್ಮ ತೋಟಗಳ ಸೀಮೆಯಲ್ಲಿ ದೊಡ್ಡ ಆಸೆ ಹುಟ್ಟಿಸಿತು. ಆಸೆಯಲ್ಲಿ ತಪ್ಪಿಲ್ಲ. ಆದರೆ ಶುದ್ಧಗೊಳಿಸಿದ ಅಣುವನ್ನು ಅಳೆದು ಇಲಿಗೆ ಕೊಟ್ಟ ಪ್ರಯೋಗದಿಂದ ಅಡಿಕೆ ಜಗಿದರೆ ಕ್ಯಾನ್ಸರ್ ವಾಸಿಯಾಗುತ್ತದೆಂಬ ತೀರ್ಮಾನ ಹೊರಡುವುದಿಲ್ಲ.

ಇನ್ನೊಂದು ಮುಖದ ಸಾಕ್ಷ್ಯ ಮನುಷ್ಯರದ್ದೇ, ಮತ್ತು ಬಹಳ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಬೆರೆಸದ ಅಡಿಕೆಯನ್ನೂ ಮೊದಲ ವರ್ಗದ ಕ್ಯಾನ್ಸರ್‌ಕಾರಕವೆಂದು ಗುರುತಿಸಿತು. ಅದೇ ಸಂಸ್ಥೆಯ ತಜ್ಞರು 2020ರಲ್ಲಿ ಅರೆಕೊಲಿನ್ನನ್ನು ಬಿಡಿಯಾಗಿ ಪರಿಶೀಲಿಸಿ, ಕ್ಯಾನ್ಸರ್‌ಕಾರಕ ಆಗಿರಬಹುದಾದ 2ಬಿ ವರ್ಗದಲ್ಲಿಟ್ಟರು. ಜಗಿಯುವಾಗ ಅರೆಕೊಲಿನ್ ನೈಟ್ರೈಟ್ ಜೊತೆ ಸೇರಿ ಡಿಎನ್‌ಎಯನ್ನು ಕೆಡಿಸುವ ನೈಟ್ರೊಸಮೀನ್‌ಗಳಾಗುತ್ತದೆ. ಕೆನ್ನೆಯ ಒಳಪದರದ ನಾರುಕೋಶಗಳನ್ನು ಅದು ಕೆರಳಿಸಿ, ಕೆನ್ನೆ ಹಲಗೆಯಂತೆ ಬಿಗಿದು, ಬಾಯೊಳಗೆ ಮೂರು ಬೆರಳು ಇಡುವಷ್ಟೂ ತೆರೆಯಲಾಗದ ಸ್ಥಿತಿ ಬರುತ್ತದೆ. ಖಾರ ಸೋಕಿದರೆ ಉರಿ. ಈ ನಾರುಗಟ್ಟುವ ರೋಗ ಕ್ಯಾನ್ಸರಿನ ಹೊಸ್ತಿಲು. 2024ರಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಜಗತ್ತಿನ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ; ಇವುಗಳಲ್ಲಿ 83,400 ಭಾರತದವು.

ತೋಟವನ್ನೇ ನಂಬಿ ಬದುಕುವ ಮನೆಗಳಿಗೆ ಇದು ನೋವಿನ ಮಾತು. ಆದರೆ ಮುಚ್ಚಿಟ್ಟರೆ ಮೊದಲು ಕಳೆದುಕೊಳ್ಳುವವರೂ ಆ ಮನೆಗಳವರೇ. ಅರೆಕೊಲಿನ್ನಿನ ಪ್ರಕರಣ ಆಯ್ದುಗುಣದ ಪಾಠವನ್ನು ಬೇರೆ ಯಾವ ಅಣುವಿಗಿಂತ ಚೆನ್ನಾಗಿ ಕಲಿಸುತ್ತದೆ. ಪ್ರಮಾಣ, ಶುದ್ಧತೆ, ತಲುಪುವ ಜಾಗ, ತಾಗುವ ಅವಧಿ ಬದಲಾದರೆ ಒಂದೇ ಅಣು ಎರಡು ವಿರುದ್ಧ ಕೆಲಸ ಮಾಡುತ್ತದೆ.

ಮರದರಿಶಿನ ಮತ್ತು ಬರ್ಬೆರಿನ್

ಮರದರಿಶಿನ ನಿತ್ಯಹರಿದ್ವರ್ಣ ಕಾಡಿನ ಮರಬಳ್ಳಿ. ಹೆಬ್ಬಳ್ಳಿಯ ತೊಗಟೆಯನ್ನು ಕತ್ತಿಯ ಮೊನೆಯಿಂದ ಕೆರೆದರೆ ಒಳಗಿನ ಕಟ್ಟಿಗೆ ಅರಿಶಿನದ ಬಣ್ಣದಲ್ಲಿ ಹೊಳೆಯುತ್ತದೆ. ಆ ಬಣ್ಣವೇ ಬರ್ಬೆರಿನ್ ಎಂಬ ಆಲ್ಕಲಾಯ್ಡ್. ಗಾಯ, ಕಾಮಾಲೆ, ಜ್ವರಗಳಿಗೆ ನಾಟಿ ವೈದ್ಯದಲ್ಲಿ ಬಳಕೆಯಿದೆ; ಆಯುರ್ವೇದದ ಪೇಟೆಯಲ್ಲಿ ದಾರುಹರಿದ್ರೆಯ ಬದಲಿಗೂ ಮಾರಾಟವಾಗುತ್ತದೆ.

ಬರ್ಬೆರಿನ್ ಕುರಿತ ಗಟ್ಟಿ ಪುರಾವೆ ಕ್ಯಾನ್ಸರ್ ವಾಸಿಮಾಡುವುದರ ಬಗ್ಗೆ ಅಲ್ಲ, ತಡೆಯುವುದರ ಬಗ್ಗೆ. 2020ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದಲ್ಲಿ, ದೊಡ್ಡ ಕರುಳಿನ ಅಡಿನೋಮಾ ಗಂಟುಗಳನ್ನು ತೆಗೆಸಿಕೊಂಡವರಿಗೆ ದಿನಕ್ಕೆ ಎರಡು ಬಾರಿ 0.3 ಗ್ರಾಮ್ ಬರ್ಬೆರಿನ್ ಕೊಡಲಾಯಿತು. ಎರಡು ವರ್ಷಗಳೊಳಗೆ ಅವರಲ್ಲಿ ಶೇ. 36 ಮಂದಿಗೆ ಗಂಟು ಮರುಕಳಿಸಿತು. ಹುಸಿಗುಳಿಗೆ ಪಡೆದವರಲ್ಲಿ ಶೇ. 47 ಮಂದಿಗೆ. ಬರ್ಬೆರಿನ್ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ, ಬಹುಪಾಲು ಕರುಳಿನಲ್ಲೇ ಉಳಿಯುತ್ತದೆ. ಅದರ ಮಿತಿಯೂ ಅದೇ, ಕರುಳಿಗೆ ಅದರ ಉಪಯೋಗವೂ ಅದೇ. ಬರ್ಬೆರಿನ್ ರಕ್ತದ ಬಿಲಿರುಬಿನ್ನನ್ನು ಅದು ಅಂಟಿಕೊಂಡಿರುವ ಪ್ರೋಟೀನಿನಿಂದ ಬಿಡಿಸಬಲ್ಲದು. ಆದ್ದರಿಂದ ಕಾಮಾಲೆ ಇರುವ ಹಸುಗೂಸಿಗೆ ಇದನ್ನು ಕೊಡಬಾರದು.

ಹಿಪ್ಪಲಿ, ಮೆಣಸು, ರೋಹಿತುಕಿನ್

ಹಿಪ್ಪಲಿಯ ಪೈಪರ್‌ಲಾಂಗುಮಿನ್ ಆರೋಗ್ಯವಂತ ಕೋಶವನ್ನು ಬಿಟ್ಟು ಕ್ಯಾನ್ಸರ್ ಕೋಶವನ್ನು ಮಾತ್ರ ಕೊಲ್ಲುತ್ತದೆಂದು 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂದಾಗ ಜಗತ್ತೇ ಗಮನಿಸಿತು. ಆ ಪ್ರಬಂಧವನ್ನು 2018ರಲ್ಲಿ ಹಿಂಪಡೆಯಲಾಯಿತು. ಅಣುವಿನ ಮೇಲಿನ ಸಂಶೋಧನೆ ನಿಂತಿಲ್ಲ, ಆದರೆ ಆ ದೊಡ್ಡ ಮಾತಿಗೆ ಆಧಾರವಾಗಿದ್ದ ಮೊದಲ ಪ್ರಬಂಧ ಈಗ ಲೆಕ್ಕಕ್ಕಿಲ್ಲ. ಕಾಳುಮೆಣಸಿನ ಪೈಪೆರಿನ್ ಯಕೃತ್ತಿನ ಸಿವೈಪಿ3ಎ4 ಕಿಣ್ವವನ್ನೂ ಕೋಶದಿಂದ ಔಷಧವನ್ನು ಹೊರದೂಡುವ ಪಿ-ಗ್ಲೈಕೊಪ್ರೋಟೀನನ್ನೂ ತಡೆಯುತ್ತದೆ. ಹಾಗಾಗಿ ಕೀಮೋಥೆರಪಿಯಲ್ಲಿರುವವರು ಪೈಪೆರಿನ್ ಗುಳಿಗೆಯನ್ನು ವೈದ್ಯರಿಗೆ ಹೇಳದೆ ನುಂಗಬಾರದು. ಸಾರಿಗೆ ಹಾಕುವ ಮೆಣಸಿನ ಮಾತು ಬೇರೆ. ಪಶ್ಚಿಮ ಘಟ್ಟದ ಡೈಸೊಕ್ಸೈಲಮ್ ಬೈನೆಕ್ಟಾರಿಫೆರಮ್ ಮರದ ರೋಹಿತುಕಿನ್ ಎಂಬ ಆಲ್ಕಲಾಯ್ಡನ್ನು ಮಾದರಿಯಾಗಿಟ್ಟುಕೊಂಡು ಮುಂಬೈಯ ಸಂಶೋಧಕರು ಆರಂಭಿಸಿದ ಕೆಲಸದಿಂದ ರೂಪುಗೊಂಡ ಫ್ಲೇವೊಪಿರಿಡಾಲ್ ಕೋಶಚಕ್ರದ ಕಿಣ್ವಗಳನ್ನು ತಡೆಯುತ್ತದೆ. ಹಲವು ವರ್ಷ ರೋಗಿಗಳ ಮೇಲೆ ಪರೀಕ್ಷೆಗೊಳಗಾಗಿದೆ.

ಕಾಡಿನ ಮೇಲಿನ ಹೊರೆ ಮತ್ತು ಸಂರಕ್ಷಣೆ

ಔಷಧಕ್ಕೆ ಬೇಡಿಕೆ ಬಂದಾಗ ಮೊದಲ ಏಟು ಬೀಳುವುದು ಮರಕ್ಕೆ. ದುರ್ವಾಸನೆ ಮರದ ಬೇರು ಮತ್ತು ತೊಗಟೆಯಲ್ಲಿ ಕ್ಯಾಂಪ್ಟೊಥೆಸಿನ್ ಹೆಚ್ಚಿರುವುದರಿಂದ ಮರವನ್ನು ಬೇರುಸಮೇತ ಕಿತ್ತು ಚಕ್ಕೆ ಮಾಡಿ ಸಾಗಿಸುವ ರೂಢಿ 1990ರ ದಶಕದಿಂದ ಘಟ್ಟಗಳಲ್ಲಿ, ವಿಶೇಷವಾಗಿ ಮಹಾರಾಷ್ಟ್ರದ ಕಡೆ, ಬೆಳೆಯಿತು. ಮರದರಿಶಿನದ ಸ್ಥಿತಿ ಇನ್ನೂ ಕಷ್ಟದ್ದು. ಗಂಡು ಹೆಣ್ಣು ಬಳ್ಳಿ ಬೇರೆ ಬೇರೆ. ಹೂಬಿಡುವ ವಯಸ್ಸಿಗೆ ಬರಲು ವರ್ಷಗಳೇ ಬೇಕು. ಒಂದು ಹೆಬ್ಬಳ್ಳಿ ಕಡಿದರೆ ಸುತ್ತಲಿನ ಕಾಡಿನಲ್ಲಿ ಬೀಜವಾಗುವುದೇ ನಿಲ್ಲಬಹುದು. ಪಶ್ಚಿಮ ಘಟ್ಟದಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯವೆಂದು ಗುರುತಿಸಲಾಗಿದೆ.

ಈ ಸೀಮೆಗೆ ಮರ ಉಳಿಸಿಕೊಂಡ ಪರಂಪರೆಯಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನ ಕಡಿಯಲು ಬಂದವರೆದುರು ಮರಗಳನ್ನು ಅಪ್ಪಿ ನಿಂತು ಅಪ್ಪಿಕೊ ಚಳವಳಿ ಆರಂಭಿಸಿದರು. 1990ರ ದಶಕದಲ್ಲಿ ರಾಜ್ಯ ಅರಣ್ಯ ಇಲಾಖೆ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆಗೂಡಿ ರಾಜ್ಯದಲ್ಲಿ ಗುರುತಿಸಿದ 13 ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ಶಿರಸಿ–ಕುಮಟಾ ದಾರಿಯ ದೇವಿಮನೆ ಒಂದು. 2011ರಲ್ಲಿ ಘೋಷಿತವಾದ ಯಲ್ಲಾಪುರ ಭಾಗದ ಬೇಡ್ತಿ ಸಂರಕ್ಷಣಾ ಮೀಸಲು ಮಂಗಟ್ಟೆ ಹಕ್ಕಿಯ ಜೊತೆಗೆ ಮರದರಿಶಿನಕ್ಕೂ ಆಸರೆ. ಅದೇ ವರ್ಷ ಘೋಷಿತವಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಸಿದ್ದಾಪುರದ ಕತ್ತಲೆಕಾನಿನಂಥ ಹಳೆಯ ಕಾಡನ್ನು ಒಳಗೊಂಡಿದೆ.

ಮರ ಕಡಿಯದೆ ಅಣು ಪಡೆಯುವ ದಾರಿಗಳ ಹುಡುಕಾಟವೂ ನಡೆದಿದೆ. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ದುರ್ವಾಸನೆ ಮರದ ಒಳತೊಗಟೆಯಲ್ಲಿ ವಾಸಿಸುವ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ವರದಿ ಮಾಡಿದರು. ಆದರೆ ಇಂಥ ಶಿಲೀಂಧ್ರಗಳು ಮರದಿಂದ ಬೇರ್ಪಟ್ಟು ಪ್ರಯೋಗಾಲಯದಲ್ಲಿ ತಲೆಮಾರು ಕಳೆದಂತೆ ಅಣು ತಯಾರಿಸುವುದನ್ನು ಮರೆಯುತ್ತವೆ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಅವರ ತಂಡ ಕಂಡುಕೊಂಡಿತು. ಅದೇ ತಂಡ 2013ರಲ್ಲಿ ದುರ್ವಾಸನೆ ಮರದ ಹತ್ತಿರದ ಬಂಧುಗಳನ್ನು ಜಾಲಾಡಿ, ಪಶ್ಚಿಮ ಘಟ್ಟದ ಮಿಕ್ವೆಲಿಯಾ ಡೆಂಟೇಟಾ ಎಂಬ ಬಳ್ಳಿಯ ಹಣ್ಣು ಮತ್ತು ಬೀಜದಲ್ಲಿ ಒಣ ತೂಕದ ಶೇ. 1ರಿಂದ 1.4ರಷ್ಟು ಕ್ಯಾಂಪ್ಟೊಥೆಸಿನ್ ಇರುವುದನ್ನು ವರದಿ ಮಾಡಿತು.

ಈ ಕೊನೆಯ ಸಂಗತಿಯ ಬೆಲೆ ಬಹಳ ದೊಡ್ಡದು. ಬೇರು ಕಿತ್ತರೆ ಮರ ಒಮ್ಮೆ ಮಾತ್ರ ಕೊಡುತ್ತದೆ. ಹಣ್ಣು ಕೊಯ್ದರೆ ಬಳ್ಳಿ ಮರುವರ್ಷವೂ ಕೊಡುತ್ತದೆ. ಸ್ವಲ್ಪ ಬೀಜ ಕಾಡಿಗೇ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಕೊಡುತ್ತದೆ. ಕ್ಯಾನ್ಸರ್ ಕೋಶವನ್ನು ಆರಿಸಿ ಹೊಡೆಯುವ ಔಷಧಕ್ಕಾಗಿ ವಿಜ್ಞಾನ ಐದು ದಶಕ ತಾಳ್ಮೆಯಿಂದ ದುಡಿದಿದೆ. ಗಿಡದ ಯಾವ ಭಾಗವನ್ನು, ಎಷ್ಟನ್ನು, ಯಾವ ಕಾಲದಲ್ಲಿ ತೆಗೆಯಬೇಕೆಂದು ಆರಿಸುವ ತಾಳ್ಮೆ ಕತ್ತಿ ಹಿಡಿದು ಕಾಡಿಗೆ ಹೋಗುವ ಕೈಗೂ ಬೇಕು.